ಸುಲಭವೆಂದರೆ ಯಾರಿಗೆ?

ನಮ್ಮ ಸೀಮೆಯ ಹಳ್ಳಿಗಳಲ್ಲಿ ದಾರಿ ಕೇಳಿ ನಡೆದವರಿಗೆ ಈ ಅನುಭವ ಹೊಸದಲ್ಲ. "ಊರು ಎಷ್ಟು ದೂರ ಐತ್ರಿ?" ಎಂದರೆ "ಇಲ್ಲೇ ಐತ್ರಿ, ಹತ್ರ" ಎಂಬ ಉತ್ತರ ಬರುತ್ತದೆ. ಆ 'ಇಲ್ಲೇ' ಎಂಬುದು ಅರ್ಧ ಮೈಲಿಯಾಗಿರಬಹುದು, ಎರಡು ಹರದಾರಿಯೂ ಆಗಿರಬಹುದು. ಹೇಳಿದವನು ಸುಳ್ಳಾಡಿದನೆಂದು ದೂರುವಂತಿಲ್ಲ. ಅವನು ತನ್ನ ಕಾಲಿನಿಂದ ಅಳೆದು ಹೇಳಿದ. ನಾವು ನಮ್ಮ ಕಾಲಿನಿಂದ ನಡೆದೆವು. ಕೂಗಳತೆ ಎಂಬ ಹಳೆಯ ಅಳತೆಯೂ ಅಂಥದೇ. ಕೂಗುವವನ ಗಂಟಲು ಎಂಥದು, ಕೇಳುವವನ ಕಿವಿ ಎಂಥದು ಎಂಬುದು ತಿಳಿಯದೆ ಕೂಗಳತೆಯ ಲೆಕ್ಕ ಸಿಕ್ಕುವುದಿಲ್ಲ.

'ಸುಲಭ' ಎಂಬ ಮಾತೂ ಈ ಜಾತಿಗೆ ಸೇರಿದ್ದು. ವ್ಯಾಕರಣದ ಮೇಷ್ಟರು ಹೇಳುವಂತೆ ಕೆಲವು ಪದಗಳಿಗೆ ಚತುರ್ಥೀ ವಿಭಕ್ತಿಯ ಆಸರೆ ಬೇಕು. ಸುಲಭ ಎಂದೊಡನೆ 'ಯಾರಿಗೆ' ಎಂಬ ಪ್ರಶ್ನೆ ಹುಟ್ಟಬೇಕು. ಆದರೆ ನಾವು ಮಾತಾಡುವಾಗ ಆ 'ಗೆ'ಯನ್ನು ನುಂಗಿಬಿಡುತ್ತೇವೆ. 'ದಾರಿ ಸುಲಭ', 'ಲೆಕ್ಕ ಸುಲಭ', 'ಅರ್ಜಿ ತುಂಬುವುದು ಬಲು ಸುಲಭ'. ನುಂಗಿದ ಆ ಪ್ರತ್ಯಯದೊಡನೆ ಒಬ್ಬ ಮನುಷ್ಯನೂ ಕಾಣೆಯಾಗುತ್ತಾನೆ. ಹಾಗೆ ಕಾಣೆಯಾದವರ ವಿಚಾರವನ್ನು ಕುರಿತು ಈಚೆಗೆ ನಾನು ಹೆಚ್ಚು ಯೋಚಿಸುವಂತಾಯಿತು. ಅದಕ್ಕೆ ಕಾರಣ ಬಹಳ ಸಣ್ಣದು: ರಾಯಚೂರಿನ ಮಾವಿನಕೆರೆಯ ಬದಿಯಲ್ಲಿ ಒಂದು ಬೆಳಗಿನ ನಡಿಗೆ ಹೋಗಬೇಕೆಂದು ನಮ್ಮ ಮನೆಯಲ್ಲಿ ಹಾಕಿಕೊಂಡ ಯೋಜನೆ.

ನಡಿಗೆಗೆ ಹೊರಡುವವರು ಆರು ಜನ. ದೇವದುರ್ಗದಿಂದ ಬಂದ ನನ್ನ ಅಕ್ಕ. ಆಕೆಗೆ ಮೊಣಕಾಲು ನೋವು. ಮಾನ್ವಿಯಿಂದ ಬಂದ ಸೋದರಮಾವ; ಎಪ್ಪತ್ತೆಂಟು ವರ್ಷ, ಶಾಲಾ ಮಾಸ್ತರಿಕೆಯಿಂದ ನಿವೃತ್ತರಾದವರು, ದಣಿವಾಯಿತು ಎಂಬ ಮಾತನ್ನು ಜನ್ಮದಲ್ಲಿ ಆಡಿದವರಲ್ಲ. ನಾನು, ನನ್ನಾಕೆ, ಎಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗ, ಮತ್ತು ಅಕ್ಕನ ಆರು ವರ್ಷದ ಮೊಮ್ಮಗಳು. ಶಿವರಾತ್ರಿಗೆ ಚಳಿ 'ಶಿವ ಶಿವಾ' ಎನ್ನುತ್ತ ಓಡಿಹೋಗುತ್ತದೆಂಬುದು ಮಾತು. ಆಮೇಲೆ ರಾಯಚೂರಿನ ಬಿಸಿಲನ್ನು ಕುರಿತು ರಾಯಚೂರಿನವರಿಗೆ ಹೇಳಬೇಕಾದ್ದಿಲ್ಲ. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು. ಆದ್ದರಿಂದ ಹಬ್ಬಕ್ಕೆ ಮೊದಲೇ ಹೋಗಿಬರಬೇಕೆಂದು ಠರಾವಾಯಿತು.

ಯೋಜನೆಯನ್ನು ತಮ್ಮನ ಮಗ ಸಿದ್ಧಪಡಿಸಿದ. ಫೋನಿನಲ್ಲಿ ನಕ್ಷೆ ತೆಗೆದು, ಬೆರಳಿನಿಂದ ಕೆರೆಯ ಸುತ್ತ ಗೆರೆ ಎಳೆದು, "ಬೆಳಗ್ಗೆ ಐದೂವರೆಗೆ ಬಿಡೋದು, ಕೆರಿ ಸುತ್ತು ಹಾಕೋದು, ಹಂಗೇ ಕೋಟಿ ಗುಡ್ಡ ಹತ್ತಿ ಇಳಿಯೋದು, ಎಂಟಕ್ಕೆ ಒಗ್ಗರಣಿ ಮಿರ್ಚಿ ತಿಂದು ಮನಿಗೆ. ಭಾಳ ಸುಲಭ ಐತಿ ಅತ್ತಿ" ಎಂದ. ಹುಡುಗನ ಲೆಕ್ಕ ಶಾಸ್ತ್ರೀಯವಾದದ್ದೇ. ನೇಸ್ಮಿತ್ ಎಂಬ ಸ್ಕಾಟ್‌ಲೆಂಡಿನ ಬೆಟ್ಟಗಾಹಿಯೊಬ್ಬ ೧೮೯೨ರಲ್ಲಿ ಒಂದು ಸೂತ್ರ ಹೇಳಿಹೋಗಿದ್ದಾನೆ: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಏರಬೇಕಾದ ಪ್ರತಿ ೨೦೦೦ ಅಡಿಗೆ ಮತ್ತೊಂದು ಗಂಟೆ. ಚಾರಣಕ್ಕೆ ಹೋಗುವವರು ಇಂದಿಗೂ ಅದನ್ನೇ ಹಿಡಿದು ಲೆಕ್ಕ ಹಾಕುತ್ತಾರೆ. ನಮ್ಮ ಕೋಟೆಯ ಗುಡ್ಡ ಸುತ್ತಲ ನೆಲದಿಂದ ಸುಮಾರು ೩೦೦ ಅಡಿ ಎತ್ತರ. ಆ ಸೂತ್ರದ ಪ್ರಕಾರ ಅದಕ್ಕೆ ಹೆಚ್ಚುವರಿಯಾಗಿ ಒಂಬತ್ತು ನಿಮಿಷ ಸಾಕು! ನೇಸ್ಮಿತ್ ಪ್ರಾಮಾಣಿಕ, ಇದು ಸಾಕಷ್ಟು ಗಟ್ಟಿಮುಟ್ಟಾದ ಗಂಡಸರ ಲೆಕ್ಕ ಎಂದು ಆತ ತಾನೇ ತಿಳಿಸಿದ್ದ. ಸೂತ್ರ ಉಳಿಯಿತು, ಆ ಷರತ್ತು ಮರೆಯಿತು. ಇಲ್ಲಿಯೂ ಚತುರ್ಥೀ ವಿಭಕ್ತಿ ಲೋಪವಾಯಿತು.

ಹುಡುಗನ ಮಾತು ಮುಗಿದ ಮೇಲೆ ಅಕ್ಕ ನಗುತ್ತಲೇ ಹೇಳಿದಳು: "ನಾ ಕೆರಿ ದಂಡಿಗೆ ಎಲ್ಲರೆ ಕುಂತಿರ್ತೀನಿ, ನೀವೆಲ್ಲಾ ಹೋಗಿಬರ್ರಿ."

ಓದುಗರೇ, ಈ ವಾಕ್ಯವನ್ನು ನೀವೂ ಕೇಳಿರುತ್ತೀರಿ. ಪ್ರತಿ ಮನೆಯಲ್ಲಿಯೂ ಇದನ್ನು ಆಡುವ ಒಬ್ಬರಿರುತ್ತಾರೆ. ಜಾತ್ರೆಗೆ ಹೊರಟಾಗ, ತೇರಿಗೆ ಹೊರಟಾಗ, ಬೆಟ್ಟ ಹತ್ತುವಾಗ, "ಚಪ್ಪಲಿ ಕಾಯ್ಕೊಂಡು ನಾನಿಲ್ಲೇ ಇರ್ತೀನಿ" ಎನ್ನುವವರು. ಆ ಮಾತಿನಲ್ಲಿ ದೂರಿಲ್ಲ, ಕೊರಗಿನ ಸ್ವರವೂ ಇಲ್ಲ. ಆದ್ದರಿಂದಲೇ ಉಳಿದವರು ಅದನ್ನು ತಟ್ಟನೆ ಒಪ್ಪಿಬಿಡುತ್ತಾರೆ. ಒಪ್ಪಿದ ಮೇಲೆ ಎಲ್ಲರಿಗೂ ಹಗುರವೆನಿಸುತ್ತದೆ. ಒಬ್ಬರ ತ್ಯಾಗದಿಂದ ಉಳಿದವರ ಕಾರ್ಯಕ್ರಮ ಸುಸೂತ್ರವಾಗುವಾಗ ನಾವು ಆ ತ್ಯಾಗವನ್ನು ಅವರ ಸ್ವಭಾವವೆಂದು ಕರೆಯುತ್ತೇವೆ: "ಆಕೆಗೆ ಕೂಡುವುದೇ ಇಷ್ಟ." ಮೂವತ್ತು ವರ್ಷ ಕೂತವರಿಗೆ ಕೂಡುವುದೇ ಇಷ್ಟವಾಗುವುದೂ ಉಂಟು. ಆದರೆ ಆ ಇಷ್ಟ ಹುಟ್ಟಿದ್ದು ಹೇಗೆ ಎಂದು ಕೇಳಬೇಡವೆ?

ಹಿಂದೆ ಬೀಳುವವರ ವಿಷಯದಲ್ಲಿ ಮುಂದಿರುವವರ ಕರ್ತವ್ಯವೇನು? ಇದು ಕೇವಲ ನಡಿಗೆಯ ಪ್ರಶ್ನೆಯಲ್ಲವೆಂದು ನನಗೆ ತೋರುತ್ತದೆ.

ಇದಕ್ಕೆ ಮೊದಲನೆಯ ಉತ್ತರ ಸ್ವಾತಂತ್ರ್ಯವಾದಿಗಳದು. ಪ್ರತಿಯೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಹೋಗಲಿ. ಕೂಡುವವರು ಕೂಡಲಿ, ಓಡುವವರು ಓಡಲಿ. ಯಾರಿಗೂ ಯಾರ ಹಂಗೂ ಬೇಡ. ಇದರಲ್ಲಿ ನ್ಯಾಯವಿಲ್ಲದೆ ಇಲ್ಲ. ಅಮೆರಿಕದ ಥೋರೋ ೧೮೬೨ರಲ್ಲಿ ಅಚ್ಚಾದ ತನ್ನ ನಡಿಗೆಯ ಪ್ರಬಂಧದಲ್ಲಿ ದಿನಕ್ಕೆ ನಾಲ್ಕು ಗಂಟೆಯಾದರೂ ಕಾಡುಮೇಡು ಅಲೆಯದಿದ್ದರೆ ತನಗೆ ಆರೋಗ್ಯವಿಲ್ಲ ಎಂದಿದ್ದಾನೆ. ಅಂಥವನಿಗೆ ಅಕ್ಕನ ಮೊಣಕಾಲನ್ನು ಗಂಟು ಹಾಕುವುದು ಧರ್ಮವಲ್ಲ. ಆದರೆ ಅವನು ಹೋದದ್ದು ತನ್ನ ನಡಿಗೆಗೆ. ನಾವು 'ಎಲ್ಲರೂ ಹೋಗೋಣ' ಎಂದು ಕರೆದಿದ್ದೇವೆ. 'ಎಲ್ಲರೂ' ಎಂದು ಕರೆದ ಮೇಲೆ ಅದೊಂದು ಮಾತು ಕೊಟ್ಟಂತೆ. ಕರೆದವರು ಮರೆಯಬಹುದು, ಕರೆಸಿಕೊಂಡವರು ಮರೆಯುವುದಿಲ್ಲ.

ಎರಡನೆಯ ಉತ್ತರ ಸಜ್ಜನರದು: ಮುಂದೆ ಹೋದವರು ಅಲ್ಲಲ್ಲಿ ನಿಂತು ಕಾಯಬೇಕು. ಇದನ್ನು ಎಲ್ಲರೂ ಒಳ್ಳೆಯತನವೆಂದು ತಿಳಿದಿದ್ದಾರೆ. ಆದರೆ ಗುಂಪಿನಲ್ಲಿ ನಡೆದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಮುಂದಿನವರು ನೆರಳು ಕಂಡಲ್ಲಿ ನಿಂತು, ನೀರು ಕುಡಿದು, ಬೆವರೊರಸಿಕೊಂಡು, ಹಿಂದಿನವರು ಬಂದೊಡನೆ "ಬಂದ್ರಾ? ಸರಿ, ನಡೀರಿ" ಎಂದು ಹೊರಟುಬಿಡುತ್ತಾರೆ. ವಿಶ್ರಾಂತಿ ಬೇಡದವರಿಗೆ ಐದು ನಿಮಿಷ ವಿಶ್ರಾಂತಿ. ಬೇಕಾದವರಿಗೆ ಒಂದು ನಿಮಿಷವೂ ಇಲ್ಲ. ಕಾಯುವವರ ಔದಾರ್ಯದಿಂದಲೇ ನಡೆಯುವ ಅನ್ಯಾಯ ಇದು. ಇನ್ನೊಂದು ಕಷ್ಟವೂ ಇದೆ. ಕಾಯಿಸಿಕೊಳ್ಳುವುದೂ ಒಂದು ನೋವೇ. ನನ್ನ ಸೋದರಮಾವನಂಥವರು, ತಮಗಾಗಿ ನಾಲ್ಕು ಜನ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆಂದು ಕಂಡರೆ, ಎದೆ ಒಡೆದರೂ ಸರಿಯೆ, ಹೆಜ್ಜೆ ಜೋರು ಮಾಡುತ್ತಾರೆ. ಕರುಣೆ ಕಣ್ಣಿಗೆ ಕಾಣುವಂತೆ ನಿಂತರೆ ಅದು ಕರುಣೆಗೆ ಪಾತ್ರರಾದವರನ್ನು ಕುಗ್ಗಿಸುತ್ತದೆ.

ಹಿಂದೆ ಬಿದ್ದವರನ್ನು ಕುರಿತು ಯೋಚಿಸುವಾಗ ನಮಗೆ ಮಹಾಪ್ರಸ್ಥಾನ ನೆನಪಾಗದೆ ಇರದು. ಐವರು ಪಾಂಡವರು, ದ್ರೌಪದಿ, ಹಿಂದೊಂದು ನಾಯಿ. ಮೊದಲು ದ್ರೌಪದಿ ಬಿದ್ದಳು. ಆಮೇಲೆ ಸಹದೇವ, ನಕುಲ, ಅರ್ಜುನ, ಕಡೆಗೆ ಭೀಮ. ಒಬ್ಬೊಬ್ಬರು ಬಿದ್ದಾಗಲೂ ಭೀಮ ಕಾರಣ ಕೇಳಿದ. ಧರ್ಮರಾಯ ಒಬ್ಬೊಬ್ಬರ ದೋಷವನ್ನು ಎಣಿಸಿ ಹೇಳಿ, ತಿರುಗಿ ನೋಡದೆ ನಡೆದ. ಹುಡುಗನಾಗಿದ್ದಾಗಿನಿಂದ ನನ್ನನ್ನು ಕಾಡಿದ ಭಾಗ ಇದು. ಬಿದ್ದವರಿಗೆ ಕಾರಣವಿರಲಿ, ನಡೆಯುವವನು ಒಮ್ಮೆ ನಿಲ್ಲಬಾರದಿತ್ತೆ? ಬಿದ್ದವರ ದೋಷವನ್ನು ಹುಡುಕಿ ಹೇಳುವುದು ನಿಲ್ಲದೆ ನಡೆಯುವವರಿಗೆಲ್ಲ ಒಳ್ಳೆಯ ಸಮಾಧಾನ. ಸೋತವನು ಸೋತದ್ದು ಅವನ ತಪ್ಪಿನಿಂದ ಎಂದಾದರೆ ಗೆದ್ದವನು ತಿರುಗಿ ನೋಡಬೇಕಾದ್ದಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾಯಿಯನ್ನು ಬಿಟ್ಟು ರಥವೇರಲು ಅವನು ಒಪ್ಪಲಿಲ್ಲವೆಂಬುದು ಎಲ್ಲರಿಗೂ ಗೊತ್ತು. ಅದರ ಮುಂದಿನದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಸ್ವರ್ಗದಲ್ಲಿ ದುರ್ಯೋಧನ ಕುಳಿತಿರುವುದನ್ನು ಕಂಡು ಧರ್ಮರಾಯ ತನ್ನವರೆಲ್ಲಿ ಎಂದು ಕೇಳುತ್ತಾನೆ. ದೇವದೂತ ಅವನನ್ನು ಕತ್ತಲೆಯ, ದುರ್ಗಂಧದ ದಾರಿಯಲ್ಲಿ ನರಕಕ್ಕೆ ಕರೆದೊಯ್ಯುತ್ತಾನೆ. ತಿರುಗಿ ಹೊರಡಬೇಕೆನ್ನುವಾಗ ಕತ್ತಲೆಯೊಳಗಿಂದ ಧ್ವನಿಗಳು ಬೇಡುತ್ತವೆ: ನೀನು ಬಂದಾಗ ಬೀಸಿದ ಗಾಳಿಯಿಂದ ನಮಗೆ ತಂಪಾಯಿತು, ಸ್ವಲ್ಪ ಹೊತ್ತು ನಿಲ್ಲು ಎಂದು. ಆ ಧ್ವನಿಗಳು ತಮ್ಮಂದಿರವು, ದ್ರೌಪದಿಯದು ಎಂದು ತಿಳಿದಾಗ ಅವನು ನಿಂತ. ನಾನು ಇಲ್ಲಿಯೇ ಇರುತ್ತೇನೆ ಎಂದು ದೂತನನ್ನು ಹಿಂದಕ್ಕೆ ಕಳಿಸಿದ. ದಾರಿಯಲ್ಲಿ ನಿಲ್ಲದಿದ್ದವನು ನರಕದಲ್ಲಿ ನಿಂತ. ಅವನ ಧರ್ಮ ಪೂರ್ಣವಾದದ್ದು ಶಿಖರ ಮುಟ್ಟಿದಾಗಲ್ಲ, ನಿಂತಾಗ ಎಂದು ನಾನು ತಿಳಿಯುತ್ತೇನೆ. ಆ ಬೇಡಿಕೆಯನ್ನೂ ಗಮನಿಸಬೇಕು: ನಮ್ಮನ್ನು ಎತ್ತು ಎಂದು ಅವರು ಕೇಳಲಿಲ್ಲ, ಹತ್ತಿರವಿರು ಎಂದಷ್ಟೇ ಕೇಳಿದರು.

ಹಾಗಾದರೆ ಮೂರನೆಯ ಉತ್ತರವೇನು? ಕಾಯುವ ಪ್ರಸಂಗವೇ ಬಾರದಂತೆ ದಾರಿಯನ್ನು ಹಾಕಿಕೊಳ್ಳುವುದು. ಕರುಣೆ ನಡಿಗೆಯಲ್ಲಿ ಕಾಣಿಸಿಕೊಳ್ಳುವುದಕ್ಕಿಂತ ಯೋಜನೆಯಲ್ಲಿ ಅಡಗಿರುವುದು ಮೇಲು. ಉದಾಹರಣೆಗೆ, ಕೆರೆಯನ್ನು ಪೂರ್ತಿ ಸುತ್ತುವ ದಾರಿ ನೋಡಲು ಚೆಂದ. ಆದರೆ ಅರ್ಧ ಸುತ್ತಿದ ಮೇಲೆ ಕಾಲು ಸೋತವರಿಗೆ ಮುಂದೆ ಹೋದರೂ ಅಷ್ಟೇ, ಹಿಂದೆ ಬಂದರೂ ಅಷ್ಟೇ. ಸುತ್ತುದಾರಿಗೆ ದಯೆಯಿಲ್ಲ. ಅದಕ್ಕೆ ಬದಲು ದಂಡೆಯ ಮೇಲೆ ಹೋದ ದಾರಿಯಲ್ಲೇ ಮರಳಿ ಬರುವುದಾದರೆ ಯಾರು ಎಲ್ಲಿ ಬೇಕಾದರೂ ತಿರುಗಬಹುದು. ತಿರುಗಿದ ಜಾಗವೇ ಗುರಿ. ಇದರಲ್ಲಿ ಇನ್ನೊಂದು ಸೊಗಸಿದೆ. ಸಾಲಾಗಿ ಹೋಗುತ್ತಿರುವವರು ಒಟ್ಟಿಗೆ ತಿರುಗಿ ನಿಂತರೆ, ಕಟ್ಟಕಡೆಯಲ್ಲಿದ್ದವರೇ ಎಲ್ಲರಿಗಿಂತ ಮುಂದಾಗುತ್ತಾರೆ. ಯಾರೂ ಯಾರನ್ನೂ ಮುಂದಕ್ಕೆ ಕರೆಯಬೇಕಾದ್ದಿಲ್ಲ. ದಿಕ್ಕು ಬದಲಾದರೆ ಸಾಕು.

ವೇಗದ ಅಳತೆಗೂ ಒಂದು ಉಪಾಯವುಂಟು. ಹಿತವಾದ ನಡಿಗೆಯೆಂದರೆ ನಡೆಯುತ್ತಲೇ ಮಾತಾಡಲು ಆಗುವ ನಡಿಗೆ ಎಂದು ವೈದ್ಯರು ಹೇಳುತ್ತಾರೆ. ಇದು ನಮ್ಮವರಿಗೆ ಹೊಸ ಸಂಗತಿಯಲ್ಲ. ಪಂಢರಪುರಕ್ಕೆ ನಡೆದು ಹೋಗುವ ದಿಂಡಿಯಲ್ಲಿ ಭಜನೆ ನಿಲ್ಲುವುದಿಲ್ಲ. ಏದುಸಿರು ಬಿಡುವವನು ಹಾಡಲಾರ. ಆದ್ದರಿಂದ ಹಾಡೇ ಹೆಜ್ಜೆಯ ಕಡಿವಾಣ. ವಿಜಯದಾಸರ ಚೀಕಲಪರ್ವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಬ್ಯಾಗವಾಟ, ಎಲ್ಲವೂ ಈ ಮಾನ್ವಿ-ದೇವದುರ್ಗಗಳ ಸೀಮೆಯಲ್ಲಿಯೇ ಇವೆ. ಹಾಡಿಕೊಂಡು ನಡೆದವರ ನೆಲ ಇದು. ಸಾಲಿನ ಕೊನೆಯಲ್ಲಿರುವವರ ಮಾತು ಕೇಳಿಬರುತ್ತಿದೆಯೆ ಎಂಬುದೊಂದನ್ನು ನೋಡಿಕೊಂಡರೆ ವೇಗ ಸರಿಯಾಗಿದೆಯೆ ಇಲ್ಲವೆ ಎಂಬುದು ತಿಳಿಯುತ್ತದೆ. ಮನೆಯಲ್ಲಾಗಲಿ ದೇಶದಲ್ಲಾಗಲಿ ಕೊನೆಯವರ ಮಾತು ನಿಂತಿತೆಂದರೆ ಮುಂದಿನವರು ಅತಿಯಾಗಿ ಓಡುತ್ತಿದ್ದಾರೆಂದೇ ಅರ್ಥ.

ಇಲ್ಲೊಂದು ಸೂಕ್ಷ್ಮವಾದ ಧರ್ಮಸಂಕಟವನ್ನೂ ಹೇಳಿಬಿಡಬೇಕು. ಮಾವನವರಿಗೆ ಉಸಿರು ತಿರುಗಿಸಿಕೊಳ್ಳಲು ಸಮಯ ಬೇಕೆಂದು ಕಂಡಾಗ, "ಅಗೋ, ಆ ಕೊಕ್ಕರೆ ನೋಡಿ" ಎಂದು ನಿಲ್ಲುವುದು ಸುಳ್ಳಲ್ಲವೆ? ಕೊಕ್ಕರೆ ನೆಪ, ಉಸಿರು ನಿಜ. ಕಟ್ಟುನಿಟ್ಟಿನ ಸತ್ಯವಾದಿಗಳು ಇದನ್ನು ಒಪ್ಪಲಿಕ್ಕಿಲ್ಲ. ನನಗನಿಸುವುದು ಇಷ್ಟು: ನಿಂತವನು ನಿಜವಾಗಿಯೂ ಕೊಕ್ಕರೆಯನ್ನು ನೋಡಿದರೆ ಆ ಸುಳ್ಳು ಅಲ್ಲಿಯೇ ತೀರಿಹೋಗುತ್ತದೆ. ನೀರಿನಲ್ಲಿ ಒಂಟಿ ಕಾಲಿನಲ್ಲಿ ನಿಂತ ಆ ಹಕ್ಕಿ, ಅದರ ಹಿಂದೆ ಬೆಳಗಿನ ಕೆಂಪು, ಇವನ್ನು ಜೋರಾಗಿ ನಡೆಯುವವರು ನೋಡುವುದೇ ಇಲ್ಲ. ಇನ್ನೊಬ್ಬರಿಗಾಗಿ ನಿಂತವನಿಗೆ ಅದು ಬಿಟ್ಟಿ ಸಿಗುತ್ತದೆ. ನಿಲ್ಲುವುದನ್ನು ನಷ್ಟದ ಖಾತೆಗೆ ಬರೆಯುವ ನಮ್ಮ ಲೆಕ್ಕವೇ ಸರಿಯಲ್ಲ.

ಈ ಕೆರೆಯ ಹೆಸರನ್ನು ಕುರಿತೂ ಎರಡು ಮಾತು. ಊರಿನವರು ಇದನ್ನು ಆಮ್ ತಲಾಬ್ ಎಂದೂ ಕರೆಯುತ್ತಾರೆ. 'ಆಮ್' ಎಂದರೆ ಮಾವು; ಹಾಗಾಗಿ ಕನ್ನಡದಲ್ಲಿ ಮಾವಿನಕೆರೆ. ಆದರೆ ಅದೇ ಉಚ್ಚಾರದ ಇನ್ನೊಂದು ಉರ್ದು ಪದಕ್ಕೆ 'ಎಲ್ಲರ, ಸಾರ್ವಜನಿಕ' ಎಂಬ ಅರ್ಥವಿದೆ. ಇದೇ ಊರಿನಲ್ಲಿ ಖಾಸಬಾವಿಯೂ ಇದೆ. ಖಾಸ್ ಎಂದರೆ ಸ್ವಂತದ, ವಿಶೇಷದವರ. ಒಂದು ಖಾಸ್, ಒಂದು ಆಮ್. ಹೆಸರಿನ ಮೂಲ ಮಾವೋ, ಎಲ್ಲರೋ, ವಿದ್ವಾಂಸರು ವಿಚಾರಿಸಲಿ. ಕಿವಿಗಂತೂ ಎರಡೂ ಕೇಳುತ್ತವೆ. ಯಾವ ಕೆರೆಯಾದರೂ ಹೆಸರಿಗೆ ಆಮ್ ಆಗಿದ್ದು, ನಡೆಯಲು ಆಗದವರಿಗೆ, ಕೂಡಲು ಕಲ್ಲಿಲ್ಲದ್ದರಿಂದ, ನೆರಳಿಲ್ಲದ್ದರಿಂದ, ಖಾಸ್ ಆಗಿಬಿಡಬಹುದು.

ಕೆರೆಯ ದಾರಿ ಎಲ್ಲರಿಗೂ ಸುಲಭವಾಗಿತ್ತೆಂದು ನಮ್ಮ ದೇಶದಲ್ಲಿ ಯಾರೂ ಎದೆ ತಟ್ಟಿ ಹೇಳುವಂತಿಲ್ಲ. ಮಹಾರಾಷ್ಟ್ರದ ಮಹಾಡ್‌ನ ಚೌದಾರ್ ಕೆರೆಯನ್ನು ಅಲ್ಲಿನ ಪುರಸಭೆ ೧೯೨೪ರಲ್ಲಿಯೇ ಎಲ್ಲರಿಗೂ ತೆರೆದಿರುವುದಾಗಿ ಠರಾವು ಮಾಡಿತ್ತು. ಕಾಗದದ ಮೇಲೆ ಅದು ಅತಿ ಸುಲಭದ ದಾರಿ. ೧೯೨೭ರ ಮಾರ್ಚ್ ೨೦ರಂದು ಡಾ. ಅಂಬೇಡ್ಕರರು ಸಹಸ್ರಾರು ಜನರೊಡನೆ ಮೆರವಣಿಗೆಯಲ್ಲಿ ನಡೆದುಹೋಗಿ ಆ ನೀರನ್ನು ಮುಟ್ಟಿದರು, ಕುಡಿದರು. ಅದಕ್ಕೆ ಪ್ರತಿಯಾಗಿ ಹೊಡೆತ ಬಿತ್ತು; ಕೆರೆಯನ್ನು ಪಂಚಗವ್ಯದಿಂದ 'ಶುದ್ಧಿ' ಮಾಡಿದ್ದಾಯಿತು. ಮುಂಬಯಿ ಹೈಕೋರ್ಟಿನಲ್ಲಿ ಆ ವ್ಯಾಜ್ಯ ಅವರ ಪರವಾಗಿ ತೀರ್ಮಾನವಾದದ್ದು ೧೯೩೭ರಲ್ಲಿ. ನೇಸ್ಮಿತ್‌ನ ಸೂತ್ರದಂತೆ ನಿಮಿಷಗಳಲ್ಲಿ ಮುಗಿಯುವ ಆ ನಡಿಗೆಗೆ ಹತ್ತು ವರ್ಷ ಹಿಡಿಯಿತು. ಸುಲಭ ಯಾರಿಗೆ ಎಂಬ ಪ್ರಶ್ನೆಯನ್ನು ಕೇಳದೆ ಉಳಿದ ಸಮಾಜಕ್ಕೆ ಕೆರೆಯೇ ಆ ಪ್ರಶ್ನೆ ಕೇಳಿತು.

ನಮ್ಮ ಜಿಲ್ಲೆಯ ನಾಲೆಯನ್ನೇ ನೋಡಿ. ತುಂಗಭದ್ರೆಯ ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಮೀರಿ ಹರಿದು ಬರುತ್ತದೆ. ತಲೆಯ ಕಡೆಯ ಹೊಲಗಳಲ್ಲಿ ಭತ್ತ ನಳನಳಿಸುತ್ತದೆ. ಕೊನೆಯ ಭಾಗದ ಮಾನ್ವಿ, ರಾಯಚೂರುಗಳ ರೈತರು ಗೇಜನ್ನು ನೋಡುತ್ತ, ನೀರು ಬಿಡಿ ಎಂದು ಕಚೇರಿಯ ಮುಂದೆ ಕೂಡುವುದು ಎಷ್ಟೋ ವರ್ಷಗಳಿಂದ ನಡೆದುಬಂದಿದೆ. ಮೇಲಿನ ರೈತ ದುಷ್ಟನಲ್ಲ. ಅವನಿಗೆ ನೀರು ಸುಲಭವಾಗಿ ಸಿಗುತ್ತದೆ, ಸಿಕ್ಕಿದ್ದನ್ನು ಬಳಸುತ್ತಾನೆ, ಕೊನೆಯವನು ಅವನ ಕಣ್ಣಿಗೆ ಕಾಣುವುದಿಲ್ಲ. ನೀರಾವರಿ ಬಲ್ಲವರಿಗೆ ಗೊತ್ತಿರುವ ಒಂದು ಕ್ರಮವಿದೆ: ಸರದಿಯನ್ನು ಬಾಲದಿಂದ ಆರಂಭಿಸಿ ತಲೆಯ ಕಡೆಗೆ ತರುವುದು. ದಂಡೆಯ ಮೇಲೆ ಸಾಲಾಗಿ ತಿರುಗಿ ನಿಂತ ಹಾಗೆಯೇ ಇದು. ತಲೆಯವನಿಗೆ ನೀರು ತಪ್ಪುವುದಿಲ್ಲ. ಕೊನೆಯವನಿಗೆ ಉಳಿದದ್ದರಲ್ಲಿ ಪಾಲು ಎಂಬ ಅವಮಾನ ತಪ್ಪುತ್ತದೆ.

ಒಂದು ಆಕ್ಷೇಪ ಬರಬಹುದು. ಎಲ್ಲವನ್ನೂ ನಿಧಾನಿಗಳ ಹೆಜ್ಜೆಗೆ ಕಟ್ಟಿಹಾಕಿದರೆ ಗುಡ್ಡ ಹತ್ತುವವರಾರು? ದೊಡ್ಡ ಕೆಲಸ ಮಾಡುವವರಾರು? ಆಕ್ಷೇಪ ಸರಿಯಾದದ್ದು. ಹುಡುಗನ ಕಾಲಿಗೆ ಗುಡ್ಡ ಬೇಕು; ಅವನು ಇನ್ನೊಂದು ಬೆಳಗ್ಗೆ ಗೆಳೆಯರೊಡನೆ ಹತ್ತಲಿ, ನೇಸ್ಮಿತ್‌ನನ್ನೂ ಮೀರಿಸಲಿ. ಎಲ್ಲ ನಡಿಗೆಯೂ ಎಲ್ಲರದಾಗಬೇಕಿಲ್ಲ. 'ಎಲ್ಲರದು' ಎಂದು ಹೆಸರಿಟ್ಟದ್ದು ಮಾತ್ರ ಎಲ್ಲರದಾಗಿರಬೇಕು. ಇನ್ನು ದೊಡ್ಡ ಕೆಲಸದ ಮಾತು: ನಮ್ಮ ಕೋಟೆಯ ಗೋಡೆಯಲ್ಲಿ ೧೨೯೪ರ ಶಾಸನವಿರುವ ೪೧ ಅಡಿಗೂ ಉದ್ದದ ಕಲ್ಲೊಂದಿದೆ. ಅದನ್ನು ತಂದ ಬಗೆಯನ್ನು ಅಲ್ಲಿಯೇ ಚಿತ್ರವಾಗಿ ಕೊರೆದಿದ್ದಾರೆ: ಉದ್ದನೆಯ ಬಂಡಿ, ಸಾಲುಸಾಲು ಕೋಣಗಳು, ಹಿಂದೆ ಗಾಲಿಗೆ ಸನ್ನೆ ಕೊಡುತ್ತಿರುವ ಆಳುಗಳು. ಆ ಸಾಲಿನಲ್ಲಿ ಯಾವ ಜೋಡಿಯೂ ಮುಂದೆ ಓಡುವಂತಿರಲಿಲ್ಲ. ಒಂದು ಓಡಿದರೆ ಹಗ್ಗ ಹರಿಯುತ್ತಿತ್ತು, ಕಲ್ಲು ಅಲ್ಲಿಯೇ ಉಳಿಯುತ್ತಿತ್ತು. ಆ ಬಂಡಿಯನ್ನು ನಡೆಸಿದ್ದು ಅತಿ ನಿಧಾನದ ಹೆಜ್ಜೆ. ಏಳು ನೂರು ವರ್ಷ ದಾಟಿ ಕಲ್ಲು ಅಲ್ಲಿದೆ. ಕೋಣಗಳನ್ನು ಕೂಡಿಸಿದ್ದು ನೊಗ. ಮನುಷ್ಯರನ್ನು ಕೂಡಿಸಬೇಕಾದ್ದು ಮನಸ್ಸು. ವ್ಯತ್ಯಾಸ ಅಷ್ಟೇ.

ಯೋಜನೆ ಹಾಕುವವನು ಗುಂಪಿನಲ್ಲಿ ಯಾವಾಗಲೂ ಗಟ್ಟಿಗನೇ ಆಗಿರುತ್ತಾನೆ. ನಕ್ಷೆ ಅವನ ಕೈಯಲ್ಲಿರುತ್ತದೆ, ಗಡಿಯಾರವೂ ಅವನದೇ. ಆದ್ದರಿಂದ ನೀತಿಯ ಮೊದಲ ಹೊಣೆಯೂ ಅವನದು. "ನಾನು ಇಲ್ಲೇ ಕುಂತಿರ್ತೀನಿ" ಎಂದು ಯಾರಾದರೂ ನಗುತ್ತ ಹೇಳಿದಾಗ, ಅವರ ಕಾಲನ್ನು ನೋಡುವುದಕ್ಕೆ ಮೊದಲು ತನ್ನ ನಕ್ಷೆಯನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಅವನ ಧರ್ಮ. ಅವರು ಕೂಡುವ ಜಾಗದ ತನಕ ಎಲ್ಲರೂ ನಡೆದು, ಎಲ್ಲರೂ ಅಲ್ಲಿಯೇ ಕೂತರೆ, ಅದೂ ಒಂದು ನಡಿಗೆಯೇ. ದೂರ ಕಡಿಮೆಯಾದೀತು, ಆದರೆ ಹೊರಟವರೆಲ್ಲ ತಲುಪಿದರೆಂದು ಹೇಳುವ ಭಾಗ್ಯ ಉದ್ದದ ದಾರಿಗಳಿಗೆ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ.